ಬ್ರೂಕ್ಲಿನ್ ಪೆಟ್ಟಿಗೆ: ತೊಳೆಯುವ ಕಲೆ, ಬಿಡುವ ಕಲೆ

ಅಮೆರಿಕದ ಟಾಪ್ಸ್ ಕಂಪನಿ 1952ರಲ್ಲಿ ಹೊರತಂದ, ಆಟಗಾರರ ಚಿತ್ರವಿರುವ ಬೇಸ್‌ಬಾಲ್ ಕಾರ್ಡುಗಳ ಸರಣಿಯಲ್ಲಿ ಒಟ್ಟು 407 ಕಾರ್ಡುಗಳಿವೆ. ಒಂದನೇ ನಂಬರಿನವನು ಆಂಡಿ ಪಾಫ್ಕೋ, ನ್ಯೂಯಾರ್ಕ್ ನಗರದ ಭಾಗವಾದ ಬ್ರೂಕ್ಲಿನ್‌ನ ಡಾಡ್ಜರ್ಸ್ ತಂಡದ ಔಟ್‌ಫೀಲ್ಡರ್. ಒಳ್ಳೆಯ ಆಟಗಾರ, ಆದರೆ ಮನೆಮಾತಾದವನೇನಲ್ಲ. ಆದರೂ ಅಂಚು ಕೆಡದ ಪಾಫ್ಕೋ ಕಾರ್ಡಿಗೆ ಜನ ವರ್ಷಗಟ್ಟಲೆ ಹುಡುಕುತ್ತಾರೆ. ಹುಡುಗರು ಕಾರ್ಡುಗಳನ್ನು ನಂಬರಿನ ಪ್ರಕಾರ ಜೋಡಿಸಿ ರಬ್ಬರ್ ಬ್ಯಾಂಡ್ ಬಿಗಿದು ಇಡುತ್ತಿದ್ದರು; ಎಲ್ಲಕ್ಕಿಂತ ಮೇಲಿದ್ದವನು ಪಾಫ್ಕೋ. ಬ್ಯಾಂಡು ಕಚ್ಚಿದ್ದೆಲ್ಲ ಅವನ ಪಕ್ಕೆಗೇ.

ಆ ಕಚ್ಚು, ಕಾರ್ಡಿನ ಸ್ಥಿತಿ ನೋಡಿ ದರ್ಜೆ ಕೊಡುವ ಕಂಪನಿಯ ಲೆಕ್ಕದಲ್ಲಿ ದೋಷ. ಹಳೇ ಬ್ರೂಕ್ಲಿನ್ನನ್ನು ಹುಡುಕುತ್ತ ಬಂದವರಿಗೆ ಅದು ದಾಖಲೆ. ಹಳೆಯ ಮನೆಯಿಂದ ಬಂದ ಬೇಸ್‌ಬಾಲ್ ಪೆಟ್ಟಿಗೆಯೊಂದನ್ನು ಬಿಚ್ಚಿ, ಗುರುತಿಸಿ, ಶುಚಿ ಮಾಡಿ, ಎತ್ತಿಡುವ ಕೆಲಸದ ಉದ್ದಕ್ಕೂ ಈ ಎರಡು ಲೆಕ್ಕ ಜಗಳವಾಡುತ್ತಲೇ ಇರುತ್ತವೆ. ಯಾವ ಕಲೆ ತೊಳೆಯಬೇಕು, ಯಾವುದನ್ನು ಮುಟ್ಟಬಾರದು ಎಂದು ತಿಳಿಯುವುದೇ ಇಲ್ಲಿನ ನಿಜವಾದ ಕಲೆ.

ಮೊದಲ ದಿನ ಏನನ್ನೂ ಶುಚಿ ಮಾಡಬಾರದು. ಪೆಟ್ಟಿಗೆ ತೆರೆದಾಗ ಕಂಡ ಹಾಗೆ ಮೇಲಿನಿಂದ ಒಂದು ಫೋಟೊ, ಪ್ರತಿ ಪದರ ತೆಗೆದ ಮೇಲೆ ಮತ್ತೊಂದು. ಯಾವ ಕಟ್ಟಿನ ಕೆಳಗೆ ಯಾವುದಿತ್ತು ಎಂಬುದೂ ಒಂದು ಸಾಕ್ಷಿ. ಪೆಟ್ಟಿಗೆಯಡಿ ಹಾಸಿದ ಪತ್ರಿಕೆಯ ಹಾಳೆಯನ್ನು ಮಾತ್ರ ಎಲ್ಲರೂ ಮೊದಲು ಬಿಸಾಡುತ್ತಾರೆ. ತಾರೀಖು ಇರುವುದು ಅದರ ಮೇಲೆಯೇ. ಅದು ಬ್ರೂಕ್ಲಿನ್ ಈಗಲ್ ಆಗಿದ್ದರಂತೂ 1955ರ ಜನವರಿಗಿಂತ ಈಚಿನದಲ್ಲ, ಏಕೆಂದರೆ ಆ ತಿಂಗಳು ಪತ್ರಿಕೆ ನಿಂತುಹೋಯಿತು. ಅದೇ ವರ್ಷ ಅಕ್ಟೋಬರ್ 4ರಂದು ಡಾಡ್ಜರ್ಸ್ ಮೊದಲ ಬಾರಿ ವರ್ಲ್ಡ್ ಸೀರೀಸ್ (ಅಮೆರಿಕದ ಬೇಸ್‌ಬಾಲ್‌ನ ಅಂತಿಮ ಸರಣಿ) ಗೆದ್ದಾಗ ಸುದ್ದಿ ಬರೆಯಲು ಊರಿನ ಸ್ವಂತ ಪತ್ರಿಕೆಯೇ ಇರಲಿಲ್ಲ.

ರಬ್ಬರ್ ಬ್ಯಾಂಡಿನ ಕಟ್ಟಿನಿಂದ ಶುರು ಮಾಡೋಣ. 70 ವರ್ಷದ ರಬ್ಬರು ಎರಡು ಸ್ಥಿತಿಯಲ್ಲಿ ಸಿಗುತ್ತದೆ. ಒಣಗಿ ಗರಿಗರಿಯಾಗಿದ್ದರೆ ಮೃದುವಾದ ಬ್ರಷ್ ತಾಗಿಸಿದರೆ ಸಾಕು, ಚೂರುಚೂರಾಗಿ ಉದುರುತ್ತದೆ. ಬೆಲ್ಲದ ಪಾಕದ ಹಾಗೆ ಅಂಟಾಗಿದ್ದರೆ ಎಳೆಯಬಾರದು, ಬಣ್ಣದ ಪದರವೂ ಜೊತೆಗೆ ಕಿತ್ತು ಬರುತ್ತದೆ. ಕತ್ತರಿಯಿಂದ ಎರಡು ಕಡೆ ಕತ್ತರಿಸಿ, ಅಂಟಿದ ತುಂಡನ್ನು ಹಾಗೇ ಬಿಟ್ಟು, ಕಾರ್ಡುಗಳನ್ನು ಪಕ್ಕಕ್ಕೆ ಸರಿಸಿ ಒಂದೊಂದಾಗಿ ಬಿಡಿಸಬೇಕು. ಅದು ಬಿಟ್ಟ ಕಂದು ಗೆರೆ ರಟ್ಟಿನೊಳಗೆ ಇಳಿದಿರುತ್ತದೆ. ಯಾವ ಅಳಿಸುವ ರಬ್ಬರಿಂದ ಉಜ್ಜಿದರೂ ಹೋಗದು.

ಕಾರ್ಡು ಅಸಲಿಯೇ ಎಂದು ನೋಡಲು ಮೊದಲು ಅಳತೆಪಟ್ಟಿ ಸಾಕು. 1952ರ ಟಾಪ್ಸ್ ಕಾರ್ಡು 66.7 ಮಿ.ಮೀ. ಅಗಲ, 95.2 ಮಿ.ಮೀ. ಉದ್ದ. ಈಗ ಎಲ್ಲರ ಕಣ್ಣಿಗೆ ರೂಢಿಯಾದ 63.5 × 88.9 ಅಳತೆಗೆ ಟಾಪ್ಸ್ ಬಂದದ್ದು 1957ರಲ್ಲಿ. ಕಂಪನಿಯೇ 1983ರಲ್ಲಿ ಆ ಹಳೆಯ ಸರಣಿಯನ್ನು ಮರುಮುದ್ರಿಸಿತು; ಆದರೆ ಹೊಸ, ಸಣ್ಣ ಅಳತೆಯಲ್ಲಿ. ಹಾಗಾಗಿ ಅಳತೆ ನೋಡಿದ ಕೂಡಲೇ ಅರ್ಧ ಅನುಮಾನ ಕಳೆಯುತ್ತದೆ. ಉಳಿದರ್ಧಕ್ಕೆ 10 ಪಟ್ಟು ಹಿಗ್ಗಿಸುವ ಭೂತಗನ್ನಡಿ ಬೇಕು. ಅಸಲಿ ಕಾರ್ಡಿನಲ್ಲಿ ಚಿತ್ರ ಚುಕ್ಕಿಗಳಿಂದಾಗಿದ್ದರೂ ಕಪ್ಪು ಗೆರೆ, ಅಕ್ಷರಗಳು ತುಂಬಿದ ಬಣ್ಣದಲ್ಲಿರುತ್ತವೆ. ನಕಲು ಮಾಡುವವರು ಇಡೀ ಕಾರ್ಡನ್ನು ಸ್ಕ್ಯಾನ್ ಮಾಡಿ ಮುದ್ರಿಸುವುದರಿಂದ ಅಕ್ಷರದ ಅಂಚೂ ಚುಕ್ಕಿಚುಕ್ಕಿಯಾಗಿ ಒಡೆದಿರುತ್ತದೆ. ಇನ್ನೊಂದು ಮಾತು: 1ರಿಂದ 80ರವರೆಗಿನ ಕಾರ್ಡುಗಳ ಹಿಂಬದಿ ಕೆಂಪಿನಲ್ಲೂ ಇದೆ, ಕಪ್ಪಿನಲ್ಲೂ ಇದೆ. ಎರಡೂ ಅಸಲಿಯೇ. ಕಪ್ಪು ಕಂಡು ನಕಲಿ ಎಂದು ಎತ್ತಿ ಬಿಸಾಡಿದವರಿದ್ದಾರೆ.

ಟಾಪ್ಸ್ ಸ್ವತಃ ಬ್ರೂಕ್ಲಿನ್ ಕಂಪನಿ, ಬುಷ್ ಟರ್ಮಿನಲ್ ಗೋದಾಮುಗಳ ಸಾಲಿನಲ್ಲಿದ್ದದ್ದು. ಈ ಸರಣಿಯ ವಿನ್ಯಾಸ ಮಾಡಿದ ಸೈ ಬರ್ಗರ್ ಅದನ್ನು ಬ್ರೂಕ್ಲಿನ್‌ನ ತಮ್ಮ ಮನೆಯ ಅಡುಗೆಮನೆ ಮೇಜಿನ ಮೇಲೆ ಕೂತು ಮಾಡಿದರು. ಬಬಲ್ ಗಮ್ ಮಾರಲೆಂದು ಹುಟ್ಟಿದ ಕಾರ್ಡು ಇದು. ಗಮ್ ಪೊಟ್ಟಣದೊಳಗಿನ ಕ್ರಿಕೆಟಿಗರ ಚಿತ್ರ ಕೂಡಿಟ್ಟು ಬೆಳೆದ ನಮ್ಮ ಕಡೆಯವರಿಗೆ ಇದರ ರುಚಿ ಬಿಡಿಸಿ ಹೇಳಬೇಕಿಲ್ಲ. ಸರಣಿಯ ಕೊನೆಯ ಕಂತು, 311ರಿಂದ 407ರವರೆಗಿನದು, ಆಟದ ಋತು ಮುಗಿಯುತ್ತಿದ್ದಾಗ ಅಂಗಡಿಗೆ ಬಂತು. ಮಕ್ಕಳ ಗಮನ ಅಷ್ಟರಲ್ಲಿ ಬೇರೆಡೆ ಹೋಗಿತ್ತು. ಮಾರಾಟವಾಗದೆ ಉಳಿದ ಪೆಟ್ಟಿಗೆಗಳನ್ನು 1960ರ ಸುಮಾರಿಗೆ ದೋಣಿಗೆ ಹೇರಿ ಸಮುದ್ರಕ್ಕೆ ಸುರಿಸಿದ್ದಾಗಿ ಬರ್ಗರ್ ಅವರೇ ಹೇಳಿಕೊಂಡಿದ್ದಾರೆ. ಹೆಸರಾಂತ ಆಟಗಾರರಾದ ಮಿಕಿ ಮ್ಯಾಂಟಲ್‌ನ 311, ಜಾಕಿ ರಾಬಿನ್ಸನ್‌ನ 312 ಆ ಕಂತಿನವು.

ಈ ಕಾರ್ಡುಗಳ ಮೇಲೆ ಕಲೆ ಮೂರು ಬಗೆ. ಪೊಟ್ಟಣದ ಮೇಣದ ಕಾಗದ ತಾಗಿ ಮುಂಬದಿಗೆ ಹತ್ತಿದ ಮೇಣವಾದರೆ ಶಾಯಿಯ ಪದರದ ಮೇಲೆ ಕೂತಿರುತ್ತದೆ. ಹಳೆಯ ನೈಲಾನ್ ಕಾಲುಚೀಲವನ್ನು ಬೆರಳಿಗೆ ಸುತ್ತಿ, ಒತ್ತಡವಿಲ್ಲದೆ, ಒಂದೇ ದಿಕ್ಕಿನಲ್ಲಿ ಹತ್ತಿಪ್ಪತ್ತು ಸಲ ಸವರಿದರೆ ಹೋಗುತ್ತದೆ. ಹಿಂಬದಿಗೆ ಹತ್ತಿದ ಮೇಣ ಒರಟು ರಟ್ಟಿನೊಳಗೆ ಇಂಗಿರುತ್ತದೆ, ಅದರ ತಂಟೆಗೆ ಹೋಗಬಾರದು. ಗಮ್ಮಿನ ಕಂದು ಚೌಕವೂ ಅಷ್ಟೇ. ಮೂರನೆಯದು ಆಟದ ಗುರುತು. ಮನೆ ಮುಂದಿನ ಮೆಟ್ಟಿಲ ಬಳಿ ನಿಂತು ಕಾರ್ಡನ್ನು ಗೋಡೆಗೆ ಚಿಮ್ಮಿ, ಯಾರದು ಗೋಡೆಗೆ ಹತ್ತಿರ ಬಿತ್ತೋ ಅವನು ಎಲ್ಲರದನ್ನೂ ಬಾಚಿಕೊಳ್ಳುವ ಆಟ. ಹೀಗೆ ಚಿಮ್ಮಿದ ಕಾರ್ಡಿನ ನಾಲ್ಕೂ ಮೂಲೆ ಒಂದೇ ಸಮ ದುಂಡಗಾಗಿರುತ್ತವೆ. ಸೈಕಲ್ಲಿನ ಕಡ್ಡಿಗೆ ಸಿಕ್ಕಿಸಿ ಪಟಪಟ ಸದ್ದು ಮಾಡಿಸಿದ್ದಾದರೆ ಒಂದೇ ಅಂಚು ಹರಿದು, ಅದರ ಎದುರು ಅಂಚಿನಲ್ಲಿ ಬಟ್ಟೆ ಕ್ಲಿಪ್ಪಿನ ಅಚ್ಚು ಉಳಿದಿರುತ್ತದೆ. ಬೀದಿಯ ಚರಂಡಿ ಮುಚ್ಚಳಗಳನ್ನೇ ಅಳತೆಗೋಲು ಮಾಡಿಕೊಂಡು, "ಎರಡು ಮುಚ್ಚಳ ದಾಟಿಸಿ ಹೊಡೆಯುವವನು" ಎಂದು ಆಟಗಾರನ ಬಲ ಹೇಳುತ್ತಿದ್ದ ಊರದು. ಆ ಮೂಲೆಗಳನ್ನು ಚೂಪು ಮಾಡಲು ಅಂಚು ಕತ್ತರಿಸಿದರೆ ಊರನ್ನೇ ಕತ್ತರಿಸಿದಂತೆ, ಜೊತೆಗೆ ಬೆಲೆಯೂ ಹೋಗುತ್ತದೆ. ಅತ್ಯಂತ ಹೆಸರಾದ ಹೋನಸ್ ವ್ಯಾಗ್ನರ್ ಕಾರ್ಡಿನ ಅಂಚನ್ನು ತಾನೇ ಕತ್ತರಿಸಿದ್ದಾಗಿ ಅದರ ಹಿಂದಿನ ಮಾಲೀಕ ಬಿಲ್ ಮ್ಯಾಸ್ಟ್ರೊ 2013ರಲ್ಲಿ ಒಪ್ಪಿಕೊಂಡರು. ಚೊಕ್ಕತನದ ಹುಚ್ಚು ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಅದಕ್ಕಿಂತ ದುಬಾರಿ ಉದಾಹರಣೆ ಇಲ್ಲ.

ಇನ್ನು ಕಾರ್ಡುಗಳನ್ನು ಅಂಟಿಸಿದ ಪುಸ್ತಕ. ಅತಿ ಹೆಚ್ಚು ಹಾಳಾಗುವುದೂ, ಅತಿ ಹೆಚ್ಚು ಉಳಿಸಿಕೊಳ್ಳಬಹುದಾದದ್ದೂ ಇದೇ. ಅದರಲ್ಲಿರುವುದು 1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪನಿ ಸಿಗರೇಟು ಪೊಟ್ಟಣಗಳಲ್ಲಿ ಇಟ್ಟು ಹಂಚಿದ ಪುಟ್ಟ ಕಾರ್ಡುಗಳು, 36.5 × 66.7 ಮಿ.ಮೀ. ಅಳತೆಯವು. ಸಂಗ್ರಾಹಕರ ಪಿತಾಮಹ ಜೆಫರ್ಸನ್ ಬರ್ಡಿಕ್ ಮಾಡಿದ ಪಟ್ಟಿಯಲ್ಲಿ ಇದರ ಗುರುತು ಟಿ206. ಅಪ್ಪ ಸೇದಿದ, ಮಗ ಅಂಟಿಸಿದ. ಆಗ ಬ್ರೂಕ್ಲಿನ್ ತಂಡಕ್ಕೆ ಸುಪರ್ಬಾಸ್ ಎಂಬ ಹೆಸರೂ ಇತ್ತು. ಆಡುತ್ತಿದ್ದದ್ದು ಗೊವಾನಸ್ ಕಾಲುವೆಯ ಬಳಿಯ ವಾಷಿಂಗ್ಟನ್ ಪಾರ್ಕಿನಲ್ಲಿ. ನ್ಯಾಪ್ ರಕರ್, ಝ್ಯಾಕ್ ವ್ಹೀಟ್ ಮುಂತಾದವರ ಕೆಳಗೆ ಕಂದು ಅಕ್ಷರದಲ್ಲಿ ಬ್ರೂಕ್ಲಿನ್ ಎಂದಿರುತ್ತದೆ.

ಅಂಟು ಯಾವುದೆಂದು ಮೊದಲು ತಿಳಿಯಬೇಕು. ಪುಟದ ಖಾಲಿ ಜಾಗದಲ್ಲಿ ಉಳಿದ ಅಂಟಿನ ಕಲೆಗೆ ಒದ್ದೆ ಹತ್ತಿ ಒತ್ತಿ ಎರಡು ನಿಮಿಷ ಕಾಯಿರಿ. ಜಾರುವಂತಾದರೆ ಅದು ಹಿಟ್ಟಿನ ಅಂಟು, ನಮ್ಮಲ್ಲಿ ಸಿನಿಮಾ ಪೋಸ್ಟರಿಗೆ ಬಳಿಯುವ ಮೈದಾ ಗಂಜಿಯ ಜಾತಿ. ಅಥವಾ ಪ್ರಾಣಿಜನ್ಯ ಸರೇಸು. ಎರಡೂ ನೀರಿಗೆ ಬಗ್ಗುತ್ತವೆ. ಕಂದಾಗಿ, ಜಿಗುಟಾಗಿ ಹಾಗೇ ಕೂತಿದ್ದರೆ ರಬ್ಬರ್ ಸಿಮೆಂಟು ಎಂಬ ಅಂಟು ಅಥವಾ ಪಾರದರ್ಶಕ ಟೇಪು. ಅದಕ್ಕೆ ನೀರು ಕೆಲಸ ಮಾಡದು, ಅಂಥ ಪುಟವನ್ನು ಇದ್ದಂತೆ ಬಿಡುವುದೇ ಲೇಸು. ಪುಟದ ಮೇಲೆ ಮಗುವಿನ ಕೈಬರಹ, ಬೀದಿಯ ಹೆಸರು, ಪತ್ರಿಕೆಯ ಕತ್ತರಿಕೆ ಇದ್ದರೂ ನಮ್ಮ ಸಲಹೆ ಅದೇ: ಬಿಡಿಸಬೇಡಿ. ಬಿಡಿ ರಕರ್ ಕಾರ್ಡುಗಳು ಬೇಕಾದಷ್ಟಿವೆ, ಆ ಪುಟ ಒಂದೇ. ಬರಿಯ ಕಪ್ಪು ಹಾಳೆಗೆ ಅಂಟಿಸಿದ್ದರೆ ಮಾತ್ರ ನೀರಿಗೆ ಇಳಿಸೋಣ.

ಕಾರ್ಡಿನ ಸುತ್ತ ಒಂದು ಸೆಂಟಿಮೀಟರ್ ಅಂಚು ಬಿಟ್ಟು ಪುಟ ಕತ್ತರಿಸಬೇಕು. ಗಾಜಿನ ತಟ್ಟೆಯಲ್ಲಿ ಎರಡು ಸೆಂಟಿಮೀಟರ್ ಆಳಕ್ಕೆ ಡಿಸ್ಟಿಲ್ಡ್ ವಾಟರ್, ಕೋಣೆಯ ಉಷ್ಣತೆಯದು. ನಲ್ಲಿ ನೀರಿನಲ್ಲಿ ಕಬ್ಬಿಣದ ಅಂಶ, ಕ್ಲೋರಿನ್ ಇರುತ್ತದೆ. ಒಣಗಿದ ಮೇಲೆ ತಿಂಗಳು ಬಿಟ್ಟು ಹಳದಿ ಮಚ್ಚೆ ಏಳುತ್ತದೆ. ಬಿಸಿನೀರು ಬೇಡವೇ ಬೇಡ. ಅಂಟು ಬೇಗ ಕರಗುತ್ತದೆ ನಿಜ, ರಟ್ಟಿನ ಪದರಗಳೂ ಬೇಗ ಬಿಚ್ಚಿಕೊಳ್ಳುತ್ತವೆ. ಚಿತ್ರ ಮೇಲಾಗಿ ಕಾರ್ಡನ್ನು ನೀರಿನಲ್ಲಿ ಮುಳುಗಿಸಿ. ಈ ಕಾರ್ಡುಗಳದು ಎಣ್ಣೆಯಾಧಾರಿತ ಶಿಲಾಮುದ್ರಣದ ಶಾಯಿ, ನೀರಿಗೆ ಹೆದರುವುದಿಲ್ಲ. ಹಿಂಬದಿಯಲ್ಲಿ ಯಾರಾದರೂ ಪೆನ್ನಿನಿಂದ ಹೆಸರು ಬರೆದಿದ್ದರೆ, ರಬ್ಬರ್ ಸ್ಟಾಂಪು ಒತ್ತಿದ್ದರೆ ಅದು ಕದಡಿ ಹೋಗುತ್ತದೆ. ಪೆನ್ಸಿಲ್ ಬರಹ ಉಳಿಯುತ್ತದೆ.

ಕಪ್ಪು ಹಾಳೆ ಹತ್ತು ನಿಮಿಷದಲ್ಲಿ ಬಣ್ಣ ಬಿಡಲು ಶುರು ಮಾಡುತ್ತದೆ, ನೀರು ಕಡುಚಹಾದ ಹಾಗಾಗುತ್ತದೆ. ಆ ನೀರಲ್ಲೇ ಬಿಟ್ಟರೆ ಕಾರ್ಡಿನ ಬಿಳಿ ಅಂಚು ಬೂದಿ ಬಣ್ಣಕ್ಕೆ ತಿರುಗುತ್ತದೆ, ಮತ್ತೆ ಬಿಳುಪಾಗದು. ಮೊದಲ ಒಂದು ಗಂಟೆ ಹತ್ತು ಹತ್ತು ನಿಮಿಷಕ್ಕೆ ನೀರು ಬದಲಿಸಬೇಕು. ಅರ್ಧ ಗಂಟೆಯಿಂದ ಮೂರ್ನಾಲ್ಕು ಗಂಟೆಯೊಳಗೆ ಹಾಳೆ ತಾನಾಗಿ ಜಾರುತ್ತದೆ. ಎತ್ತಿ ಎಳೆಯುವುದಲ್ಲ, ಬೆರಳಿನಿಂದ ಪಕ್ಕಕ್ಕೆ ತಳ್ಳಿ ನೋಡುವುದು. ಜಾರದಿದ್ದರೆ ಇನ್ನೂ ಹೊತ್ತು ಬಂದಿಲ್ಲ ಎಂದರ್ಥ. ಕೆಡುವುದು ಬಹುಪಾಲು ಇಲ್ಲಿಯೇ. ಒದ್ದೆ ರಟ್ಟಿಗೆ ಒಣ ರಟ್ಟಿನ ಬಲದ ಒಂದು ಪಾಲೂ ಇರುವುದಿಲ್ಲ. ಮೂಲೆ ಹಿಡಿದು ಎಳೆದರೆ ಹಿಂಬದಿಯ ಪೀಡ್‌ಮಾಂಟ್ ಸಿಗರೇಟಿನ ಜಾಹೀರಾತು ಹಾಳೆಯ ಮೇಲೆ ಉಳಿದು, ಕೈಗೆ ಬೋಳು ಬೆನ್ನು ಬರುತ್ತದೆ. ಹಿಂಬದಿ ಹೋದರೆ ಅರ್ಧ ಕಾರ್ಡೇ ಹೋದಂತೆ, ಏಕೆಂದರೆ ಯಾವ ಸಿಗರೇಟು, ಯಾವ ಕಾರ್ಖಾನೆ ಎಂಬುದೆಲ್ಲ ಅಲ್ಲೇ ಅಚ್ಚಾಗಿರುತ್ತದೆ. ಸ್ವೀಟ್ ಕಾಪೊರಲ್ ಸಿಗರೇಟಿನ ಕಾರ್ಡಿನ ಬೆನ್ನಿನಲ್ಲಿ 30ನೇ ಕಾರ್ಖಾನೆ ಎಂದಿದ್ದರೆ ನ್ಯೂಯಾರ್ಕಿನದು. ಪೀಡ್‌ಮಾಂಟ್‌ನ 25ನೆಯದು ವರ್ಜೀನಿಯಾದ್ದು.

ಬಿಟ್ಟ ಮೇಲೆ ಬೆನ್ನಿನಲ್ಲಿ ಲೋಳೆ ಉಳಿದಿರುತ್ತದೆ. ಒದ್ದೆ ಹತ್ತಿಯ ಕಡ್ಡಿಯನ್ನು ಅದರ ಮೇಲೆ ಉರುಳಿಸಬೇಕು, ಉಜ್ಜಬಾರದು. ಹೊಸ ನೀರಿನಲ್ಲಿ ಇನ್ನೊಂದು ಸಲ ಐದು ನಿಮಿಷ ಇಡಿ. ಲೋಳೆ ಸ್ವಲ್ಪ ಉಳಿದರೂ ಒಣಗುವಾಗ ಮೇಲಿನ ಕಾಗದಕ್ಕೆ ಅಂಟಿಕೊಂಡು ಮಾಡಿದ್ದೆಲ್ಲ ವ್ಯರ್ಥವಾಗುತ್ತದೆ. ಕಂದು ಕಲೆ ಕಂಡರೆ ಗಾಬರಿ ಬೇಡ, ಬೆನ್ನು ನೋಡಿ. ಪೋಲಾರ್ ಬೇರ್ ಹೆಸರಿದ್ದರೆ ಅದು ಬಿಡಿ ಹೊಗೆಸೊಪ್ಪಿನ ಚೀಲದೊಳಗೆ ಬಂದ ಕಾರ್ಡು, ಹೊಗೆಸೊಪ್ಪಿನ ರಸ ಹುಟ್ಟಿದಾಗಿನಿಂದ ಅಂಟಿದ್ದು. ಅದನ್ನು ತೆಗೆಯಲು ಬ್ಲೀಚು, ಪೆರಾಕ್ಸೈಡು ಹಾಕುವವರಿದ್ದಾರೆ. ಬರಿಯ ನೀರಿನ ಸ್ನಾನವನ್ನು ಈ ವಲಯದಲ್ಲಿ ಬಹುತೇಕರು ಒಪ್ಪುತ್ತಾರೆ. ರಾಸಾಯನಿಕ ಮುಟ್ಟಿಸಿದರೆ ಅದು ತಿದ್ದಿದ ಕಾರ್ಡು, ಮಾರುವಾಗ ಮುಚ್ಚಿಟ್ಟರೆ ಮೋಸ.

ಒಣಗಿಸುವುದು ಒಂದು ವಾರದ ಕೆಲಸ. ಅಡುಗೆಮನೆಯ ಪೇಪರ್ ಟವೆಲ್ ಉಪಯೋಗಿಸಬೇಡಿ, ಅದರ ಉಬ್ಬು ಚಿತ್ತಾರ ಕಾರ್ಡಿನ ಮೇಲೆ ಅಚ್ಚೊತ್ತಿ ಕೂರುತ್ತದೆ. ನಯವಾದ ಬಿಳಿ ಬ್ಲಾಟಿಂಗ್ ಪೇಪರೇ ಬೇಕು. ಮೊದಲ ಕಾಲು ಗಂಟೆ ಭಾರವಿಲ್ಲದೆ ಎರಡು ಹಾಳೆಗಳ ನಡುವೆ ಇಟ್ಟು, ಹಾಳೆ ಬದಲಿಸಿ, ಮೇಲೆ ಗಾಜಿನ ಪಟ್ಟಿ, ಅದರ ಮೇಲೆ ಎರಡು ಮೂರು ಕೆ.ಜಿ. ಭಾರ. ಒಂದು ಗಂಟೆಗೆ ಮತ್ತೆ ಹಾಳೆ ಬದಲು, ಆಮೇಲೆ ದಿನಕ್ಕೊಂದು ಸಲ, ಐದರಿಂದ ಏಳು ದಿನ. ಎರಡನೇ ದಿನ ಮುಟ್ಟಿದರೆ ಒಣಗಿದೆ ಅನಿಸುತ್ತದೆ. ಆಗ ತೆಗೆದರೆ ಸಂಜೆಯೊಳಗೆ ಹಪ್ಪಳದ ಹಾಗೆ ಸುರುಟಿಕೊಳ್ಳುತ್ತದೆ, ಏಕೆಂದರೆ ಶಾಯಿ ಹತ್ತಿದ ಮುಂಬದಿಯೂ ರಟ್ಟಿನ ಹಿಂಬದಿಯೂ ಒಂದೇ ವೇಗದಲ್ಲಿ ತೇವ ಬಿಡುವುದಿಲ್ಲ. ಸುರುಟಿದ್ದನ್ನು ಮತ್ತೆ ನೆನೆಸಿ ಮೊದಲಿನಿಂದ ಮಾಡಬೇಕು. ಇಸ್ತ್ರಿ ಪೆಟ್ಟಿಗೆಯ ಕಡೆ ಕೈ ಹೋಗುವುದು ಸಹಜ, ಹೋಗಬಾರದು.

ಒಣಗಿದ ಮೇಲೆ ಕತ್ತಲೆಯಲ್ಲಿ ಅತಿನೇರಳೆ ದೀಪ ಹಿಡಿದು ನೋಡಿ. ಕಾಗದಕ್ಕೆ ಬೆಳ್ಳಗೆ ಹೊಳೆಸುವ ರಾಸಾಯನಿಕ ಸೇರಿಸುವುದು ಹಬ್ಬಿದ್ದು ಎರಡನೇ ಮಹಾಯುದ್ಧದ ನಂತರ. 1910ರ ಕಾರ್ಡು ನೀಲಿಯಾಗಿ ಝಗ್ಗೆಂದು ಹೊಳೆದರೆ ಅದು 1910ರದಲ್ಲ.

ಪ್ರೇಕ್ಷಕರು ಪಂದ್ಯದ ಲೆಕ್ಕ ಬರೆದುಕೊಂಡ ಸ್ಕೋರ್‌ಕಾರ್ಡುಗಳ ವಿಷಯದಲ್ಲಿ ಶುಚಿ ಮಾಡುವುದಕ್ಕಿಂತ ಓದುವುದು ಹೆಚ್ಚು. ಎಬೆಟ್ಸ್ ಫೀಲ್ಡಿನಲ್ಲಿ ಕೊಂಡು, ಪೆನ್ಸಿಲಿನಲ್ಲಿ ತುಂಬಿ, ಮಡಚಿ ಜೇಬಿಗೆ ಹಾಕಿದ್ದು. ಬೆಡ್‌ಫರ್ಡ್ ಅವೆನ್ಯೂ ಪಕ್ಕದ ಆ ಮೈದಾನ 1913ರಿಂದ 1957ರವರೆಗೆ ತಂಡದ ಮನೆ. ಬಲಬದಿಯ ಬೇಲಿ 297 ಅಡಿಯಷ್ಟೇ ದೂರ. ಸ್ಕೋರ್‌ಬೋರ್ಡಿನ ಮೇಲಿನ ಶೇಫರ್ ಬಿಯರ್ ಜಾಹೀರಾತಿನ 'ಎಚ್' ಬೆಳಗಿದರೆ ಹಿಟ್ (ಫಲಿಸಿದ ಹೊಡೆತ), 'ಇ' ಬೆಳಗಿದರೆ ಎರರ್ (ಫೀಲ್ಡರನ ತಪ್ಪು). ಕೆಳಗೆ ಏಬ್ ಸ್ಟಾರ್ಕ್ ಎಂಬ ಬಟ್ಟೆ ವ್ಯಾಪಾರಿಯ ಫಲಕ: ಚೆಂಡು ಈ ಫಲಕಕ್ಕೆ ಹೊಡೆದವರಿಗೆ ಒಂದು ಸೂಟು. ಗ್ಯಾಲರಿಯಲ್ಲಿ ಹಸುವಿನ ಗಂಟೆ ಬಾರಿಸುತ್ತಿದ್ದ ಹಿಲ್ಡಾ ಚೆಸ್ಟರ್. ಕಾರ್ಡಿನಲ್ಲಿ ಸಾಲು ತಪ್ಪಿದ ಕಡೆ ಬರೆಯುತ್ತಿದ್ದವರು ಅವಳತ್ತ ತಿರುಗಿ ನೋಡಿರಬೇಕು ಎಂದುಕೊಳ್ಳುವುದು ನಮ್ಮ ಖುಷಿ, ಸಾಕ್ಷಿಯೇನಿಲ್ಲ.

ಎಷ್ಟೋ ಕಾರ್ಡುಗಳ ಮೇಲೆ ತಾರೀಖು ಇರುವುದಿಲ್ಲ. ಎದುರು ತಂಡ ಮೊದಲು ನೋಡಿ. ಬಾಸ್ಟನ್ ಬ್ರೇವ್ಸ್ ಎಂದಿದ್ದರೆ 1952 ಅಥವಾ ಅದಕ್ಕೂ ಹಿಂದಿನದು, ಮಿಲ್ವಾಕಿ ಎಂದಿದ್ದರೆ 1953 ಅಥವಾ ಆಮೇಲಿನದು. ನಂತರ ಡಾಡ್ಜರ್ಸ್ ಆಟಗಾರರ ಪಟ್ಟಿ. ಅಂಗಿಯ ನಂಬರ್ 42 ಅಂದರೆ ರಾಬಿನ್ಸನ್: 1947ರಿಂದ 1956. ಕ್ಯಾಂಪನೆಲ್ಲಾ (39) ಇದ್ದರೆ 1948ಕ್ಕಿಂತ ಹಿಂದಿನದಲ್ಲ, ನ್ಯೂಕೂಂಬ್ (36) ಇದ್ದರೆ 1949ಕ್ಕಿಂತ, ಗಿಲಿಯಂ (19) ಇದ್ದರೆ 1953ಕ್ಕಿಂತ, ಕೋಫ್ಯಾಕ್ಸ್ (32) ಇದ್ದರೆ 1955ಕ್ಕಿಂತ ಹಿಂದಿನದಲ್ಲ. ನಮ್ಮ ಪಾಫ್ಕೋ ಕಂಡರೆ ಕೆಲಸ ಬಲು ಸಲೀಸು: ಅವನು ಬ್ರೂಕ್ಲಿನ್‌ಗೆ ಬಂದದ್ದು 1951ರ ಜೂನಿನಲ್ಲಿ, ಹೋದದ್ದು 1952ರ ಋತು ಮುಗಿದ ಮೇಲೆ. ಹೀಗೆ ವರ್ಷ ಸಿಕ್ಕಿತು ಅನ್ನಿ. ಆಗ ಋತುವಿಗೆ 154 ಪಂದ್ಯ, ಎದುರಾಳಿಗಳು ಏಳು. ಪ್ರತಿ ತಂಡವೂ ಬ್ರೂಕ್ಲಿನ್‌ನಲ್ಲಿ ಆಡುತ್ತಿದ್ದದ್ದು 11 ಸಲ. ಪೆನ್ಸಿಲಿನಲ್ಲಿ ಬರೆದ ಪಿಚರ್ (ಚೆಂಡೆಸೆಯುವವ) ಹೆಸರು ಹಿಡಿದರೆ 11 ಎರಡು ಮೂರಕ್ಕೆ ಇಳಿಯುತ್ತದೆ. ಇನಿಂಗ್ಸ್‌ವಾರು ರನ್ನುಗಳನ್ನು ಹಳೆಯ ಪಂದ್ಯಗಳ ವಿವರ ಕೂಡಿಟ್ಟ ರೆಟ್ರೋಶೀಟ್‌ನ ದಾಖಲೆಗೆ ತಾಳೆ ನೋಡಿದರೆ ತಾರೀಖು ಕೈಗೆ ಬರುತ್ತದೆ. ಎಬೆಟ್ಸ್ ಫೀಲ್ಡಿನ ಕಾರ್ಡಲ್ಲವೆಂದು ಅನಿಸಿದರೆ ಜರ್ಸಿ ಸಿಟಿಯನ್ನೂ ನೆನೆಯಿರಿ: 1956, 57ರಲ್ಲಿ ತಂಡ ತನ್ನ ಕೆಲವು ತವರು ಪಂದ್ಯಗಳನ್ನು ಅಲ್ಲಿನ ರೂಸ್‌ವೆಲ್ಟ್ ಸ್ಟೇಡಿಯಮ್ಮಿನಲ್ಲಿ ಆಡಿತ್ತು. ಇಂದು ಭಾರತೀಯ ಅಂಗಡಿಗಳಿಗೆ ಹೆಸರಾದ ಅದೇ ಜರ್ಸಿ ಸಿಟಿ.

ಸ್ಕೋರ್‌ಕಾರ್ಡಿನ ತುಕ್ಕು ಹಿಡಿದ ಸ್ಟೇಪ್ಲರ್ ಪಿನ್ನನ್ನು ಪಿನ್ ಕೀಳುವ ಉಪಕರಣದಿಂದ ಕೀಳಬೇಡಿ. ಹಿಂದಿನಿಂದ ಕಾಲುಗಳನ್ನು ತೆಳು ಚಾಕುವಿನಿಂದ ನೇರ ಮಾಡಿ, ಮುಂದಿನಿಂದ ಚಿಮುಟದಲ್ಲಿ ಎತ್ತಿ. ಮಡಿಕೆ, ಸಾಸಿವೆಯ ಕಲೆ, ಪೆನ್ಸಿಲಿನ ತಪ್ಪುಒಪ್ಪು ಹಾಗೇ ಇರಲಿ. ಎಬೆಟ್ಸ್ ಫೀಲ್ಡಿನಲ್ಲಿ ಡಾಡ್ಜರ್ಸ್ ಆಡಿದ ಕೊನೆಯ ಪಂದ್ಯದ, ಅಂದರೆ 1957ರ ಸೆಪ್ಟೆಂಬರ್ 24ರ ಕಾರ್ಡು ಎಂದು ಯಾರಾದರೂ ತೋರಿಸಿದರೆ ಎರಡು ಸಲ ನೋಡಿ. ಅಂದು ಬಂದಿದ್ದವರು 6,702 ಜನ ಮಾತ್ರ. ಬಂದಿದ್ದೆವು ಎನ್ನುವವರು ಅದರ ಹತ್ತು ಪಟ್ಟು.

ಸಹಿ ಇರುವ ಚೆಂಡಿಗೆ ಹೆಚ್ಚು ಹೇಳುವುದಿಲ್ಲ, ಸಹಿ ಪರೀಕ್ಷೆ ಬೇರೆಯವರ ವಿದ್ಯೆ. ಆದರೆ ಚೆಂಡೇ ಸುಳ್ಳು ಹೇಳುತ್ತಿದ್ದರೆ ನೀವೇ ಹಿಡಿಯಬಹುದು. ಡಾಡ್ಜರ್ಸ್ ಆಡುತ್ತಿದ್ದ ನ್ಯಾಷನಲ್ ಲೀಗಿನ ಅಧಿಕೃತ ಚೆಂಡು ಆಗ ಸ್ಪಾಲ್ಡಿಂಗ್ ಕಂಪನಿಯದಾಗಿತ್ತು. ಮೇಲೆ ಲೀಗ್ ಅಧ್ಯಕ್ಷರ ಹೆಸರು, 1934ರಿಂದ 1951ರವರೆಗೆ ಫೋರ್ಡ್ ಫ್ರಿಕ್, ಆಮೇಲೆ 1969ರವರೆಗೆ ವಾರೆನ್ ಗೈಲ್ಸ್. ಬಾಲ್‌ಪೆನ್ನು ಅಮೆರಿಕದ ಅಂಗಡಿಗೆ ಬಂದದ್ದು 1945ರ ಅಕ್ಟೋಬರಿನಲ್ಲಿ, ಶಾರ್ಪಿ ಮಾರ್ಕರ್ 1964ರಲ್ಲಿ. "1955ರಲ್ಲಿ ಡ್ರೆಸಿಂಗ್ ರೂಮಿನಲ್ಲೇ ಹಾಕಿಸಿದ್ದು" ಎಂಬ ಕಥೆಯ ಜೊತೆ ಶಾರ್ಪಿ ಮಾರ್ಕರಿನ ಸಹಿ ಬಂದರೆ ಮಾತು ಅಲ್ಲಿಗೇ ನಿಲ್ಲಿಸಿ. ಹಳೇ ಅರಗಿನ ಲೇಪದಿಂದ ಕಂದಾದ ಚೆಂಡನ್ನು ಉಜ್ಜಿದರೆ ಲೇಪದ ಜೊತೆ ಸಹಿಯೂ ಬರುತ್ತದೆ. ಎಬೆಟ್ಸ್ ಫೀಲ್ಡ್ ಕೆಡವಲು ಶುರುಮಾಡಿದ 1960ರ ಫೆಬ್ರುವರಿಯಲ್ಲಿ ಹೊರಬಿದ್ದ ಮರದ ಕುರ್ಚಿಗಳಿಗೂ ಇದೇ ಮಾತು. ಉಪ್ಪುಕಾಗದ ಹಾಕಿದರೆ ಪದರಪದರವಾದ ಹಳೇ ಬಣ್ಣ ಹೋಗುತ್ತದೆ, ಅದರ ಸೀಸದ ಧೂಳು ನಿಮ್ಮ ಎದೆಗೆ ಸೇರುತ್ತದೆ. ಶೀಶೆಯಲ್ಲಿ ಮಾರುವ "ಎಬೆಟ್ಸ್ ಫೀಲ್ಡಿನ ಮಣ್ಣು" ಕೊಳ್ಳಬೇಡಿ, ಮಣ್ಣಿಗೆ ನಂಬರ್ ಇರುವುದಿಲ್ಲ.

ಎತ್ತಿಡುವಾಗ ಕಾರ್ಡಿಗೆ ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಹಾಳೆಯ ಚೀಲ. ವಾಸನೆ ಬರುವ ಮೆತ್ತನೆಯ ಪಿವಿಸಿ ಆಲ್ಬಮ್ ಪುಟಗಳಿಂದ ದೂರ. ಅದನ್ನು ಮೆತ್ತಗಾಗಿಸಲು ಸೇರಿಸಿದ ಎಣ್ಣೆಯಂಥ ದ್ರವ ಹೊರಬಂದು ಶಾಯಿಯನ್ನು ಪ್ಲಾಸ್ಟಿಕ್ಕಿಗೆ ಅಂಟಿಸುತ್ತದೆ. ಲ್ಯಾಮಿನೇಷನ್ ಮಾಡಿಸಿದರೆ ಮುಗಿಯಿತು, ವಾಪಸ್ ದಾರಿಯಿಲ್ಲ. ಉಷ್ಣತೆ 21 ಡಿಗ್ರಿ ಸೆಲ್ಸಿಯಸ್ ದಾಟದಿದ್ದರೆ, ಆರ್ದ್ರತೆ ಶೇ. 35ರಿಂದ 50ರ ನಡುವೆ ಇದ್ದರೆ ಕಾಗದ ನೆಮ್ಮದಿಯಾಗಿರುತ್ತದೆ. ನ್ಯೂಜೆರ್ಸಿಯಿಂದ ಸಂಗ್ರಹವನ್ನು ಊರಿಗೆ ತಂದಿಟ್ಟುಕೊಳ್ಳುವವರಿಗೆ ಇದೇ ದೊಡ್ಡ ತಲೆನೋವು: ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಆರ್ದ್ರತೆ 80ರ ಮೇಲೆಯೇ ಇರುತ್ತದೆ. ರಬ್ಬರ್ ಅಂಚಿನ ಬಿಗಿ ಡಬ್ಬಿ, ಒಳಗೆ ಬಣ್ಣ ಬದಲಿಸುವ ಸಿಲಿಕಾ ಜೆಲ್ ಪೊಟ್ಟಣ, ಒಂದು ಪುಟ್ಟ ಆರ್ದ್ರತಾಮಾಪಕ. ಬಣ್ಣ ತಿರುಗಿದ ಪೊಟ್ಟಣವನ್ನು ಹೊರತೆಗೆದು ಒಣಗಿಸಿ ಮತ್ತೆ ಇಡಬೇಕು. ಡಬ್ಬಿ ಹೊರಗೋಡೆಗೆ ತಾಗಿಕೊಂಡಿರಬಾರದು.

ಕಾರ್ಡು ಯಾವ ಪುಟದಲ್ಲಿತ್ತು, ಕಟ್ಟಿನಲ್ಲಿ ಎಷ್ಟನೆಯದು, ಯಾವ ಬೀದಿಯ ಮನೆಯಿಂದ ಬಂತು ಎಂಬುದನ್ನು ಆಮ್ಲರಹಿತ ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ಚೀಲದೊಳಗೆ, ಕಾರ್ಡಿಗೆ ತಾಗದಂತೆ ಇಡಿ. ಪತ್ರಿಕೆಯ ಹಾಳೆಗೆ ಬೇರೆಯೇ ಲಕೋಟೆ, ಅದರ ಆಮ್ಲ ಪಕ್ಕದವರಿಗೂ ಹರಡುತ್ತದೆ. ಉದುರಿದ ರಬ್ಬರ್ ಬ್ಯಾಂಡಿನ ಚೂರುಗಳನ್ನೂ ನೆನಪಿಗೆಂದು ಡಬ್ಬಿಗೆ ಹಾಕುವವರಿದ್ದಾರೆ. ಅದರಿಂದ ಗಂಧಕದ ಆವಿ ಏಳುತ್ತಲೇ ಇರುತ್ತದೆ, ಅದನ್ನು ಕಸದ ಬುಟ್ಟಿಗೇ ಹಾಕಿ. ಪಾಫ್ಕೋನ ಪಕ್ಕೆಯ ಕಚ್ಚು ಸಾಕು.